ಶೂ ಹಾಕಿದರೆ ಸಮರಕಲೆ ಅಲ್ವಾ? ಒಂದು ಸ್ಪಷ್ಟನೆ

"ಶೂ ಹಾಕಿ ಕಲಿತರೆ ಅದು ಸಮರಕಲೆಯೇ ಅಲ್ಲ. ಮಕ್ಕಳಿಗೆ ಎಲ್ಲೇ ಆಗಲಿ ಬರಿಗಾಲಲ್ಲೇ ಕಲಿಸಿ." ರಾಯಚೂರಿನ ಪಾಲಕರ ವಾಟ್ಸಾಪ್ ಗ್ರೂಪುಗಳಲ್ಲಿ ಹರಿದಾಡುತ್ತಿರುವ ಈ ಮೆಸೇಜ್ ಅರ್ಧ ಮಾತ್ರ ನಿಜ.

ಕರಾಟೆ, ಜೂಡೊ ಬರಿಗಾಲಿನ ಕಲೆಗಳು, ಹೌದು. ಆದರೆ ಅಭ್ಯಾಸ ನಡೆಯುವುದು ಮ್ಯಾಟ್ ಅಥವಾ ನುಣುಪಾದ ನೆಲದ ಮೇಲೆ. ಈ ಕಲೆಗಳ ತವರಾದ ಜಪಾನಿನವರೂ ನಮ್ಮ ಹಾಗೇ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರುವವರು. ಬಾಕ್ಸಿಂಗ್, ಒಲಿಂಪಿಕ್ಸ್ ಕುಸ್ತಿ ನಡೆಯುವುದು ಶೂ ಹಾಕಿಯೇ. ಫ್ರಾನ್ಸಿನ ಗುದ್ದು-ಒದೆತದ ಕಲೆ ಸವಾತ್‌ನಲ್ಲಂತೂ ಶೂ ಹಾಕಿದ ಕಾಲಲ್ಲೇ ಒದೆಯಬೇಕು! ನಮ್ಮ ಗರಡಿ ಪೈಲ್ವಾನರದು ಬರಿಗಾಲೇ, ಆದರೆ ಕೆಳಗೆ ಹದ ಮಾಡಿದ ಮೆತ್ತನೆ ಮಣ್ಣು ಇರುತ್ತದೆ.

ಇಲ್ಲಿ ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಕಳೆದ ಬೇಸಿಗೆಯಲ್ಲಿ ನಮ್ಮಕ್ಕನ ಮಗ ಸಿಮೆಂಟ್ ಮಾಳಿಗೆ ಮೇಲೆ ಬರಿಗಾಲಲ್ಲಿ ಕಿಕ್ ಹೊಡೆದು ಬಂದ. ಹೆಬ್ಬೆರಳ ಕೆಳಗೆ ಎಂಟಾಣೆ ಅಗಲದ ಬೊಬ್ಬೆ. ಬಯಲಿನಲ್ಲಾದರೆ ನೆಗ್ಗಿಲು ಮುಳ್ಳಿನ ಕಾಟ ಬೇರೆ. ಇಂಥ ಕಡೆ ತೆಳು ಅಡಿಯ ಶೂ ಹಾಕಿಸಿ, ಸುಮ್ನೆ ಹಟ ಬೇಡ. ಮ್ಯಾಟ್ ಮೇಲೆ ಮಾತ್ರ ಬೀದಿಯ ಶೂ ತರಬಾರದು.

ಶುಗರ್ ಇರುವ ದೊಡ್ಡವರು ಬರಿಗಾಲಲ್ಲಿ ಇಳಿಯುವ ಮೊದಲು ಡಾಕ್ಟರನ್ನು ಕೇಳಿ. ಪಾದ ಜೋಮು ಹಿಡಿದಿದ್ದರೆ ಗಾಯವಾದದ್ದೂ ಗೊತ್ತಾಗುವುದಿಲ್ಲ.