ತುಕ್ಕು, ಹುಳಿ ಮತ್ತು ಪಕ್ಕದ ತೋಟದ ಮಾವ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನಲ್ಲಿ ಯಾವುದೂ ಒಣಗುವುದಿಲ್ಲ. ಬಟ್ಟೆಗಾದರೂ ಒಲೆಯ ಮೇಲೊಂದು ಹಗ್ಗವಿದೆ. ನೆಂಟರು ಬಂದಾಗ ಹೊರಗಿನ ಒಲೆಯ ಮೇಲೆ ನಾಲ್ಕಾರು ಅಕ್ಕಿರೊಟ್ಟಿಗಳನ್ನು ಒಟ್ಟಿಗೇ ಸುಡಬಹುದೆಂದು ವೆಲ್ಡಿಂಗ್ ಅಂಗಡಿಯಲ್ಲಿ ಕತ್ತರಿಸಿ ತರಿಸಿದ 6 ಮಿಲಿಮೀಟರ್ ದಪ್ಪದ ಎಂ.ಎಸ್. (ಮೈಲ್ಡ್ ಸ್ಟೀಲ್, ಅಂದರೆ ಸಾದಾ ಉಕ್ಕಿನ) ಪ್ಲೇಟಿಗೆ ಆ ಭಾಗ್ಯವೂ ಇಲ್ಲ. ಈ ವಾರ ಅದನ್ನು ಸೌದೆ ಕೊಟ್ಟಿಗೆಯಿಂದ ಹೊರಗೆಳೆದಾಗ ಅದು ಹೆಂಚಿನ ಬಣ್ಣಕ್ಕೆ ತಿರುಗಿತ್ತು. ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಕನಿಷ್ಠ ಶೇಕಡಾ 10.5ರಷ್ಟು ಕ್ರೋಮಿಯಂ ಇದ್ದು, ಅದರ ಆಕ್ಸೈಡಿನ ತೆಳುಪದರ ಲೋಹವನ್ನು ಕಾಯುತ್ತದೆ. ನಮ್ಮ ಪ್ಲೇಟನ್ನು ಕಾಯುವವರು ನಾವೇ.

ಕಡಿಮೆ ಖರ್ಚಿನ ಉಪಾಯಗಳಿಗೇನೂ ಬರವಿಲ್ಲ, ಪಕ್ಕದ ತೋಟದ ಮಾವ ಇದ್ದಾರೆ. ಅವರು ಸೂಚಿಸುವ ಯಾವ ಉಪಾಯಕ್ಕೂ ಅವರ ಮನೆಯಿಂದ ನಯಾಪೈಸೆ ಖರ್ಚಾಗುವುದಿಲ್ಲ. ಮೊದಲ ದಿನ ನಿಂಬೆಹಣ್ಣು ಮತ್ತು ಉಪ್ಪು, ಮರುದಿನ ಹುಣಸೆಹಣ್ಣು. ಬೆಳಗಿನ ಕಾಫಿಯ ಹೊತ್ತಿಗೆ ಸರಿಯಾಗಿ ಬಂದು, ಪ್ಲೇಟಿನ ಮೇಲೆ ಬಗ್ಗಿ, ಹೆಬ್ಬೆರಳ ಉಗುರಿನಿಂದ ಒಂದು ಗೆರೆ ಕೆರೆದು, ಉಗುರನ್ನು ಮೂಸಿ, ‘ಇನ್ನೂ ನೆನೆಯಬೇಕು’ ಎಂದು ತೀರ್ಪಿತ್ತು, ಆ ಉಗುರನ್ನು ಜಗಲಿಯ ಸುಣ್ಣ ಬಳಿದ ಕಂಬಕ್ಕೆ ಒರೆಸಿ ಒಳನಡೆಯುತ್ತಾರೆ. ಪ್ಲೇಟಿನ ತುಕ್ಕು ಹೀಗೆ ದಿನಕ್ಕೊಂದು ಗೆರೆಯಂತೆ ಕಂಬಕ್ಕೆ ವರ್ಗಾವಣೆಯಾಗುತ್ತಿರುವುದನ್ನು ಗಮನಿಸಿದವರು ನಮ್ಮ ಅತ್ತೆ ಮಾತ್ರ.

ನಿನ್ನೆಯ ತೀರ್ಪು ಬೇರೆಯಾಗಿತ್ತು. ‘ಇದಕ್ಕೆ ಕಾಚಂಪುಳಿಯೇ ಆಗಬೇಕಮ್ಮ.’ ಅದು ಕೊಡಗಿನ ಅಡುಗೆಯ ಕಪ್ಪು ಹುಳಿ; ಬುಟ್ಟಿಗಟ್ಟಲೆ ಹಣ್ಣಿನ ರಸ ಇಳಿಸಿ, ಕಪ್ಪಗೆ ಮಂದವಾಗುವವರೆಗೆ ಕುದಿಸಿದರೆ ಸಿಗುವುದು ಒಂದಿಷ್ಟು. ಪಂದಿಕರಿಗೂ (ಹಂದಿಮಾಂಸದ ಸಾರಿಗೂ) ಅತ್ತೆ ಅದನ್ನು ಚಮಚದಲ್ಲಿ ಅಳೆದೇ ಹಾಕುತ್ತಾರೆ. ಬಾಟಲಿ ಹೇಗೋ ಮಾವನ ಕೈಸೇರಿತು. ಒಂದು ಹನಿ ಪ್ಲೇಟಿಗೆ, ಒಂದು ಹನಿ ತಮ್ಮ ನಾಲಿಗೆಗೆ. ಕಣ್ಣು ಮುಚ್ಚಿ ಚಪ್ಪರಿಸಿ, ‘ಹೋದ ವರ್ಷದ್ದೋ?’ ಎಂದರು. ಮತ್ತೊಂದು ಹನಿ ಪ್ಲೇಟಿನತ್ತ ಹೊರಟು ನಡುದಾರಿಯಲ್ಲೇ ನಾಲಿಗೆಗೆ ತಿರುಗಿತು. ‘ತುಕ್ಕು ಇರುವುದು ಪ್ಲೇಟಿಗೋ ನಿಮಗೋ?’ ಎಂದು ಅತ್ತೆ ಬಾಟಲಿ ಕಿತ್ತುಕೊಂಡರು. ‘ಇವತ್ತು ಪಂದಿಕರಿ ಏನಾದರೂ…’ ಎಂದು ಮಾವ ವಿಚಾರಿಸಿದರು.

ಹುಳಿ ಯಾವುದಾದರೇನು, ಅದರ ಆಮ್ಲ ತುಕ್ಕನ್ನು ಕರಗಿಸುತ್ತದೆ. ಅಂಗಡಿಯ ಅಗ್ಗದ ವಿನೆಗರ್‌ನಲ್ಲಿ ರಾತ್ರಿಯಿಡೀ ನೆನೆಸಿ, ತೆಂಗಿನ ನಾರಿಗೆ ಒಲೆಯ ಬೂದಿ ಹಚ್ಚಿ ತಿಕ್ಕಿ, ಉಳಿದ ಆಮ್ಲ ಹೋಗುವಂತೆ ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ತೊಳೆದರೆ ಬೆಳ್ಳಗಿನ ಲೋಹ ಕಾಣುತ್ತದೆ. ನಮ್ಮ ಹವೆಯಲ್ಲಿ ನಿಜವಾದ ಪರೀಕ್ಷೆ ಅನಂತರದ್ದು: ತೊಳೆದ ಪ್ಲೇಟನ್ನು ಗೋಡೆಗೊರಗಿಸಿ ಹರಟೆಗೆ ಕುಳಿತರೆ, ಏಳುವಷ್ಟರಲ್ಲಿ ಹೊಸ ಕೆಂಪು ಮೂಡಿರುತ್ತದೆ. ನೇರವಾಗಿ ಬೆಂಕಿಯ ಮೇಲಿಟ್ಟು ಒಣಗಿಸಿ, ಬಿಸಿಯಿರುವಾಗಲೇ ಎಣ್ಣೆ ಸವರಬೇಕು.

ಅಜ್ಜ ಇದ್ದಾಗ ಇಷ್ಟೆಲ್ಲ ಬೇಕಾಗುತ್ತಿರಲಿಲ್ಲ. ಕೈಲ್ ಮುಹೂರ್ತಕ್ಕೆ ಆಯುಧಗಳನ್ನು ಪೂಜೆಗಿಡುವ ಮೊದಲಷ್ಟೇ ಅಲ್ಲ, ಮಳೆಗಾಲದ ಉದ್ದಕ್ಕೂ ಅವರು ಎಣ್ಣೆಬಟ್ಟೆ ಹಿಡಿದು ಕೋವಿ, ಕತ್ತಿಗಳನ್ನು ಒರೆಸುತ್ತಿದ್ದರು. ಕೈಬಿಡುವಾದರೆ ಬಾಗಿಲ ಚಿಲಕವನ್ನೂ ಬಿಡುತ್ತಿರಲಿಲ್ಲ. ಅವರ ನಂತರ ಆ ಬಟ್ಟೆಯನ್ನು ಯಾರೂ ಕೈಗೆತ್ತಿಕೊಳ್ಳಲಿಲ್ಲ.

ಇಂದು ಪ್ಲೇಟು ಹೊಳೆಯುತ್ತಿದೆ, ಮಾವ ಅದನ್ನು ತಮ್ಮ ಮನೆಯ ಸಮಾರಂಭಕ್ಕೆ ಕೇಳಿದ್ದಾರೆ. ಧಾರಾಳವಾಗಿ ಒಯ್ಯಬಹುದು, ಆದರೆ ಮೊದಲು ಕಂಬಕ್ಕೆ ಸುಣ್ಣ ಬಳಿದು ಹೋಗಬೇಕು ಎಂದಿದ್ದಾರೆ ಅತ್ತೆ.