ಲೇಖಕರನ್ನು ಕರೆಸಿರಿ, ಹಾರ-ಶಾಲು ಬ್ಯಾಡ

ನಮ್ಮ ಶಾಲೆಯ ಮಕ್ಕಳಿಗೆ ಬಹಳ ವರ್ಷ ಒಂದು ಗಟ್ಟಿ ನಂಬಿಕೆ ಇತ್ತು. ಪುಸ್ತಕ ಬರೆದವರೆಲ್ಲ ತೀರಿಹೋಗಿರ್ತಾರೆ ಅಂತ. ಅವರದೇನು ತಪ್ಪು? ಪಠ್ಯಪುಸ್ತಕದ ಕವಿ ಪರಿಚಯ ಅಂದ್ರೆ ಒಂದು ಮಸುಕು ಫೋಟೊ, ಪ್ರಶಸ್ತಿಗಳ ಸಾಲು, ಕಂಸದೊಳಗೆ 1896–1981. ಅದನ್ನು ಬಾಯಿಪಾಠ ಮಾಡಿ ಎರಡು ಮಾರ್ಕ್ಸ್ ತಗೊಂಡ ಹುಡುಗಿಗೆ, ಬೇಂದ್ರೆಯವರು ಇದ್ದ ಸಾಧನಕೇರಿ ತನ್ನ ಊರು ಧಾರವಾಡದಲ್ಲೇ ಇದೆ ಅನ್ನೋದೂ ಹೊಳೆಯೋದಿಲ್ಲ.

2019ರ ಜನವರಿಯಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ 84ನೇ ಸಾಹಿತ್ಯ ಸಮ್ಮೇಳನ ಆದಾಗ ಮಕ್ಕಳನ್ನು ಪುಸ್ತಕ ಮಳಿಗೆಗೆ ಕರೆದೊಯ್ದಿದ್ದೆ. ಒಬ್ಬ ಮಕ್ಕಳ ಕಥೆಗಾರರು ತಮ್ಮ ಪುಸ್ತಕ ಜೋಡಿಸಿಕೊಂಡು ನಿಂತಿದ್ದರು. ಏಳನೇ ಇಯತ್ತೆಯ ಹುಡುಗ ಹಿಂಬದಿಯ ಫೋಟೊ ನೋಡಿದ, ಅವರ ಮುಖ ನೋಡಿದ, ನನ್ನ ಸೆರಗು ಜಗ್ಗಿ, “ಅಕ್ಕೋರ, ಇವ್ರು ಇನ್ನೂ ಅದಾರೇನ್ರೀ?” ಅಂದ. ಅವರಿಗೂ ಕೇಳಿಸಿತು. “ಅದೀನಪಾ, ಸದ್ಯಕ್ಕ ಅದೀನಿ” ಅಂದ್ರು.

ಲೇಖಕರನ್ನು ಶಾಲೆಗೆ ಕರೆಸೋ ಹುಚ್ಚು ನನಗೆ ಹಿಡಿದದ್ದು ಅಲ್ಲಿಂದಲೇ. ಈಗ ಸ್ಟಾಫ್ ರೂಮಿನಲ್ಲಿ ನನ್ನನ್ನು ಕಂಡರೆ “ಯಾರನ್ನ ಹಿಡಕೊಂಡು ಬರಾಕತ್ತೀರಿ ಈ ಸಲ?” ಅಂತ ಚೇಷ್ಟೆ ಮಾಡ್ತಾರೆ. ಮಾಡ್ಲಿ. ಧಾರವಾಡದಾಗ ಕಲ್ಲು ಒಗೆದರೆ ಕವಿ ಮನಿ ಮ್ಯಾಲೆ ಬೀಳತೈತಿ ಅಂತ ಭಾಷಣದಲ್ಲೆಲ್ಲ ಹೆಮ್ಮೆಯಿಂದ ಹೇಳ್ತೀವಿ. ಬಾಲವಿಕಾಸ ಅಕಾಡೆಮಿ ಇರೋದು ಇದೇ ಊರಲ್ಲಿ. ‘ಗುಬ್ಬಚ್ಚಿ ಗೂಡು’ ಮಕ್ಕಳ ಮಾಸಿಕ ಹೊರಟದ್ದೂ ಇಲ್ಲಿಂದಲೇ. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಿಂದ ಮಕ್ಕಳ ಸಾಹಿತ್ಯಕ್ಕೆಂದೇ ಪುರಸ್ಕಾರ ಕೊಡ್ತಿದೆ. 2021ರಲ್ಲಿ ಕನ್ನಡದ ಪುರಸ್ಕಾರ ಬಂದದ್ದು ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’ಕ್ಕೆ. ನಿಮ್ಮ ಶಾಲೆಯ ಕಪಾಟಿನಲ್ಲಿ ಅದರ ಒಂದಾದರೂ ಪ್ರತಿ ಇದೆಯಾ, ನಾಳೆ ಹೋಗಿ ನೋಡಿ.

ಲೇಖಕರನ್ನು ಯಾರೂ ಕರೆಸೋದೇ ಇಲ್ಲ ಅಂತಲ್ಲ. ಕರೆಸೋ ರೀತಿ ಬಗ್ಗೆ ನನ್ನ ತಕರಾರು. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ಶಾಲು, ಹಾರ, ಫಲದ ಬುಟ್ಟಿ, ಸ್ಮರಣಿಕೆ, ಆಡಳಿತ ಮಂಡಳಿಯವರ ನಾಲ್ಕು ಮಾತು, ಆ ನಾಲ್ಕು ಮಾತು ಮುಗಿಯೋಕೆ ಮುಕ್ಕಾಲು ತಾಸು. ಬಿಸಿಲಲ್ಲಿ ಕೂತ ಮಕ್ಕಳು ಮುಂದಿನವರ ಜಡೆ ಎಳೀತಿರ್ತಾರೆ. ಕೊನೆಗೆ ಲೇಖಕರಿಗೆ ಸಿಗೋದು ಹತ್ತು ನಿಮಿಷ. ಅವರು ಬರೆದ ಒಂದು ಸಾಲನ್ನೂ ಅಲ್ಲಿ ಯಾರೂ ಓದಿರೋದಿಲ್ಲ, ಹಂಗಾಗಿ ಅವರೂ ‘ಚೆನ್ನಾಗಿ ಓದಿ ದೊಡ್ಡವರಾಗ್ರಿ’ ಅಂದು ಕೂಡ್ತಾರೆ. ಆ ಶಾಲು-ಬುಟ್ಟಿಯ ದುಡ್ಡಿಗೆ ಅವರದೇ ಪುಸ್ತಕದ ಐದಾರು ಪ್ರತಿ ಬರ್ತಿದ್ದವು.

ನಾನು ಹಟ ಹಿಡಿಯೋದು ಅಲ್ಲೇ. ಇಪ್ಪತ್ತು ಬೇರೆ ಬೇರೆ ಪುಸ್ತಕ ತರೋ ಬದಲು, ಬರುವವರ ಒಂದೇ ಪುಸ್ತಕದ ಐದು ಪ್ರತಿ ತಂದು, ತಿಂಗಳು ಮೊದಲೇ ಲೈಬ್ರರಿ ಪಿರಿಯಡ್‌ನಲ್ಲಿ ಗಟ್ಟಿಯಾಗಿ ಓದಿಸ್ತೀನಿ. ವೇದಿಕೆ ಇಲ್ಲ, ಮೈಕ್ ಇಲ್ಲ. ಜಮಖಾನೆ ಹಾಸಿ ಎಲ್ಲರೂ ಕೂಡೋದು, ಬಂದವರೂ ಅದರ ಮೇಲೆಯೇ.

ಹೋದ ಸಲ ಬಂದವರು ಹುಬ್ಬಳ್ಳಿಯಿಂದ ಚಿಗರಿ ಬಸ್ ಹತ್ತಿ ಬಂದಿದ್ದರು. ಮೊದಲ ಪ್ರಶ್ನೆಯೇ ಅವರನ್ನು ಹಿಡಿದು ಹಾಕಿತು. “ಸರ್ರ, ಹುಡುಗ ಊರಿಗೆ ಹೊಂಟಾಗ ನಾಯಿ ಹಿಂದ ಬಂತು ಅಂತ ಬರದೀರಿ. ಅವ ಬಸ್ ಹತ್ತಿದ ಮ್ಯಾಲೆ ಅದು ಎಲ್ಲಿ ಹೋತ್ರೀ?” ಅವರು ಪುಟ ತಿರುವಿದರು, ಮತ್ತೆ ಹಿಂದಕ್ಕೆ ತಿರುವಿದರು. “ಅಯ್ಯ, ನಾನೂ ಅದನ್ನ ಬಸ್‌ಸ್ಟ್ಯಾಂಡಿನಾಗ ಬಿಟ್ಟು ಬಂದೀನಿ ನೋಡವಾ. ಈಗೇನು ಮಾಡೂಣು?” ಮುಗೀತು. ಕಂಡಕ್ಟರ್ ಬಿಡ್ತಾನೋ ಇಲ್ಲೋ, ನಾಯಿಗೆ ಹಾಫ್ ಟಿಕೆಟ್ಟೋ ಫುಲ್ಲೋ, ಚೀಲದಾಗ ಮುಚ್ಚಿಟ್ಟರೆ ಬೊಗಳ್ತದೋ ಹೆಂಗೆ ಅಂತ ಗಂಟೆ ಬಾರಿಸೋವರೆಗೂ ಜಗಳ. ಅವರು ತಮ್ಮ ಪ್ರತಿಯ ಅಂಚಿನಲ್ಲಿ ಗುರುತು ಹಾಕಿಕೊಂಡರು. ಈಗ ನನ್ನ ಇಶ್ಯೂ ರಜಿಸ್ಟರ್‌ನಲ್ಲಿ ಆ ಪುಸ್ತಕದ ಎದುರು ಹೆಸರಿನ ಮೇಲೆ ಹೆಸರು. ಮಕ್ಕಳು ಅದನ್ನು ಕೇಳೋದು ‘ನಾಯೀದು ಕೊಡ್ರಿ’ ಅಂತ. ಎರಡು ಪ್ರತಿಗೆ ಆಗಲೇ ಟೇಪ್ ಹಚ್ಚಿದೀನಿ.

ಸರ್ಕಾರಿ ಪ್ರಾಥಮಿಕ ಶಾಲೆಗಳ ಕಷ್ಟ ಬೇರೆ, ಒಪ್ಪಿದೆ. ಅಲ್ಲಿ ಗ್ರಂಥಪಾಲಕರ ಹುದ್ದೆಯೇ ಇಲ್ಲ. ಬಿಸಿಯೂಟ, ಆನ್‌ಲೈನ್ ಎಂಟ್ರಿ ನೋಡಿಕೊಳ್ಳೋ ಮಾಸ್ತರ ಕೊರಳಿಗೇ ಲೈಬ್ರರಿಯೂ ಬೀಳ್ತದೆ. ಪುಸ್ತಕ ಕಳೆದರೆ ತನಿಖೆಯಲ್ಲಿ ನನ್ನ ತಲೆಗೆ ಬರ್ತದೆ ಅನ್ನೋ ಅಂಜಿಕೆಗೆ ಕಪಾಟಿಗೆ ಬೀಗ. ‘ಪುಸ್ತಕ ಇರೋದು ಬಳಸೋದಕ್ಕೆ’ ಅಂತ ನಮ್ಮ ದೇಶದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ ತಮ್ಮ ಐದು ಗ್ರಂಥಾಲಯ ಸೂತ್ರಗಳ ಮೊದಲನೆಯದರಲ್ಲೇ ಹೇಳಿದ್ದು 1931ರಲ್ಲಿ. ಹರಿದ ಪುಸ್ತಕವನ್ನು ನಷ್ಟ ಅಂತ ಬರೆಯೋ ಪದ್ಧತಿ ಮೊದಲು ಬದಲಾಗಬೇಕು. ನನ್ನ ಲೆಕ್ಕದಲ್ಲಿ ಹೊಸದರಂಗೇ ಉಳಿದ ಪುಸ್ತಕವೇ ನಷ್ಟ.

ಇನ್ನೊಂದು ಮಾತು, ಸ್ವಲ್ಪ ಖಾರ ಅನ್ನಿಸಬಹುದು. ಮಕ್ಕಳಿಗೆ ಬರೆಯೋರು ಬಹಳಷ್ಟು ಸಲ ಕೈಯಿಂದ ದುಡ್ಡು ಹಾಕಿ ಅಚ್ಚು ಹಾಕಿಸಿರ್ತಾರೆ. ಅವರಿಂದಲೇ ಗೌರವ ಪ್ರತಿ ಇಸಿದುಕೊಂಡು, ಬಸ್ ಚಾರ್ಜೂ ಕೊಡದೆ, ಪೇಡೆ ಡಬ್ಬಿ ಕೊಟ್ಟು ಕಳಿಸೋದು ನಾಚಿಕೆಗೇಡು.

ದಸರಾ ರಜೆ ಮುಗಿದ ಮೇಲೆ ಒಬ್ಬ ಲೇಖಕಿ ನಮ್ಮಲ್ಲಿಗೆ ಬರ್ತಿದ್ದಾರೆ, ಎರಡು ದಿನ ಈ ಕಡೆಯೇ ಇರ್ತಾರೆ. ಗದಗ, ಹಾವೇರಿ ಕಡೆಯ ಮಾಸ್ತರು, ಅಕ್ಕೋರು ಯಾರಾದರೂ ಮರುದಿನ ನಿಮ್ಮ ಶಾಲೆಗೆ ಕರೆಸಿಕೊಳ್ಳೋದಿದ್ದರೆ ಇನ್‌ಬಾಕ್ಸ್‌ಗೆ ಬರ್ರಿ, ಖರ್ಚು ಅರ್ಧರ್ಧ ಹಂಚಿಕೊಳ್ಳೋಣ. ನಮ್ಮ ಐದು ಪ್ರತಿ ಮೊದಲೇ ಕಳಿಸಿಕೊಡ್ತೀನಿ, ಓದಿಸಿ ಇಟ್ಟಿರ್ರಿ.