ನಳ ಬಂದ ದಿನ ಗಿಡಗಳ ಪಾಡು

ಹುಬ್ಬಳ್ಳಿಯಲ್ಲಿ ಗಿಡಕ್ಕೆ ಯಾವಾಗ ನೀರು ಹಾಕಬೇಕು ಅಂತ ಠರಾಯಿಸುವವರು ನಾವಲ್ಲ, ನಳ. 24 ತಾಸೂ ನೀರು ಬರುವ ಬಡಾವಣೆಗಳು ಊರಲ್ಲಿವೆ, ಅಲ್ಲಿಯ ಗಿಡಗಳ ಪುಣ್ಯವೇ ಬೇರೆ. ನಮ್ಮ ಓಣಿಯದು ವಾರದ ಲೆಕ್ಕ.

ಓಣಿಯ ತುದಿಯಿಂದ "ನಳಾ ಬಂತ್ರೀ" ಎಂಬ ಕೂಗು ಕೇಳಿದ್ದೇ ತಡ, ಮನೆಯಲ್ಲಿ ಗಡಿಬಿಡಿ ಶುರು. ಹೊಸ ನೀರು ತುಂಬಬೇಕೆಂದರೆ ಹಳೆ ನೀರು ಖಾಲಿಯಾಗಬೇಕಲ್ವಾ? ಬ್ಯಾರಲ್ಲು, ಕೊಡ, ಹಂಡೆ, ಎಲ್ಲದರ ತಳದಲ್ಲೂ ಒಂದಿಷ್ಟು ಉಳಿದಿರುತ್ತದೆ. ಸವದತ್ತಿಯ ಮಲಪ್ರಭೆ ಡ್ಯಾಮಿನಿಂದ ಇಷ್ಟು ದೂರ ಬಂದ ನೀರನ್ನು ಗಟಾರಕ್ಕೆ ಚೆಲ್ಲಲು ಅವ್ವನಿಗೆ ಮನಸ್ಸಾಗುವುದಿಲ್ಲ. ಅಷ್ಟೂ ನೀರು ಕುಂಡಗಳ ಪಾಲಿಗೆ. "ಪಾಪ, ವಾರದಿಂದ ಉಪಾಸ ಅದಾವ, ಕುಡೀಲಿ ಬಿಡು" ಎನ್ನುತ್ತಾ ಒಂದೊಂದು ಕುಂಡಕ್ಕೆ ಒಂದೊಂದು ಕೊಡ ಬಗ್ಗಿಸುತ್ತಾಳೆ. ಮಳೆಗಾಲದ ಜಿಟಿಜಿಟಿ ಹಿಡಿದಾಗಲೂ ಇದು ತಪ್ಪುವುದಿಲ್ಲ. ಮೇಲಿಂದ ಮಳೆ, ಪಕ್ಕದಿಂದ ಅವ್ವ.

ಮೊದಲು ಮುಖ ಬಾಡಿಸಿದ್ದು ಮನಿ ಪ್ಲಾಂಟು. ಬುಡದ ಎಲೆಗಳು ಒಂದೊಂದಾಗಿ ಹಳದಿಯಾದವು. ಮುಟ್ಟಿದರೆ ಮೆತ್ತಗೆ, ಎಳೆದರೆ ಕೈಗೇ ಬರುತ್ತಿದ್ದವು. ನಮ್ಮ ಕಡೆ ಮನೆಗೆ ಬಂದವರು ಚಪ್ಪಲಿ ಬಿಡುವ ಮೊದಲೇ ಗಿಡ ನೋಡುತ್ತಾರೆ. ನೋಡಿದ ಮೇಲೆ ಸುಮ್ನೆ ಒಳಗೆ ಬರುವುದಿಲ್ಲ. ಎದುರುಮನೆ ಕಾಕಾ "ನೀರು ಸಾಲವಲ್ದು ನೋಡ್ರಿ" ಎಂದರು. ಪಕ್ಕದ ಮನೆಯ ವೈನಿ ಮಜ್ಜಿಗೆ ಹಾಕಲು ಹೇಳಿದರು. ಕರಿಬೇವಿಗೆ ಮಜ್ಜಿಗೆ ಹಾಕುವುದು ನಮ್ಮಲ್ಲಿ ರೂಢಿ, ಆದರೆ ಮನಿ ಪ್ಲಾಂಟಿಗೆ ಮಜ್ಜಿಗೆ ಕುಡಿಸಿದ್ದು ಓಣಿಯಲ್ಲೇ ಮೊದಲಿರಬೇಕು. ಹಾಲು ಹಾಕುವ ಹುಡುಗ ಚಹಾಪುಡಿ ಅಂದ. ಚಹಾಪುಡಿ ಗೊಬ್ಬರವಾಗುವುದು ನಿಜ, ಆದರೆ ಅದನ್ನು ತೊಳೆದು ಹಾಕಬೇಕು. ನಮ್ಮ ಮನೆಯ ಚಹಾ ಅಂದರೆ ಅರ್ಧ ಸಕ್ಕರೆ, ಅರ್ಧ ಹಾಲು. ಕುಂಡದಲ್ಲಿ ಬೂಸಲು ಬಂತು, ಅದರ ಮೇಲೆ ಸಣ್ಣ ಸಣ್ಣ ನೊಣಗಳು ಎದ್ದವು. ಕಾಕಾನ ಮಾತು ಕೇಳಿ ಅವ್ವ ಮತ್ತೊಂದು ತಂಬಿಗೆ ನೀರು ಹೊಯ್ದಳು.

ಮೋಸ ಇರುವುದು ಇಲ್ಲೇ. ನೀರು ಕಡಿಮೆಯಾದರೂ ಗಿಡ ಜೋತು ಬೀಳುತ್ತದೆ, ಜಾಸ್ತಿಯಾದರೂ ಜೋತು ಬೀಳುತ್ತದೆ. ನೀರಲ್ಲೇ ಕುಳಿತ ಬೇರಿಗೆ ಗಾಳಿ ಸಿಗುವುದಿಲ್ಲ, ಕೊಳೆಯುತ್ತದೆ. ಕೊಳೆತ ಬೇರು ಸುತ್ತ ಇರುವ ನೀರನ್ನೂ ಹೀರುವುದಿಲ್ಲ. ಹೊರಗಿನಿಂದ ನೋಡಿದವರಿಗೆ ಬಾಯಾರಿದ ಗಿಡದ ಹಾಗೇ ಕಾಣುತ್ತದೆ. ವ್ಯತ್ಯಾಸ ಎಲೆ ಮುಟ್ಟಿದರೆ ಗೊತ್ತಾಗುತ್ತದೆ. ನೀರು ಸಾಲದ ಎಲೆ ಅಂಚಿನಿಂದ ಒಣಗಿ ಹಪ್ಪಳದ ಹಾಗೆ ಮುರಿಯುತ್ತದೆ, ನೀರು ಜಾಸ್ತಿಯಾದದ್ದು ಮೆತ್ತಗಾಗಿ ಹಳದಿಯಾಗುತ್ತದೆ. ಆದರೆ ಸಲಹೆ ಕೊಡುವವರು ಯಾರೂ ಎಲೆ ಮುಟ್ಟುವುದಿಲ್ಲ. ಗೇಟಿನಿಂದಲೇ ಕೊಟ್ಟು ಹೋಗುತ್ತಾರೆ.

ಇಷ್ಟರಲ್ಲಿ ನವಲಗುಂದದಿಂದ ಮಾವ ಬಂದರು, ಬರಿಗೈಲಲ್ಲ. ಒಂದು ಚೀಲ ಕಪ್ಪು ಎರೆಮಣ್ಣು ಹೊತ್ತು ಬಸ್ಸಿಳಿದರು. "ಅಳಿಯಂದ್ರ, ನಿಮ್ಮ ಸಿಟಿ ಮಣ್ಣಿನ್ಯಾಗ ಏನ್ ಐತ್ರಿ? ಇದು ಬಂಗಾರ. ಇದರಾಗ ಹತ್ತಿ, ಕಡ್ಲಿ, ಉಳ್ಳಾಗಡ್ಡಿ ಹೆಂಗ ಬರ್ತಾವ ಗೊತ್ತೈತೇನು?" ಮಾವನ ಹೊಲದಲ್ಲಿ ಬರುತ್ತವೆ, ಸುಳ್ಳಲ್ಲ. ಅಷ್ಟು ಆಳದ ಮಣ್ಣು ಮಳೆ ನೀರನ್ನು ಹಿಡಿದಿಟ್ಟುಕೊಂಡು ಹಿಂಗಾರಿ ಬೆಳೆಗೆ ಕೊಡುತ್ತದೆ. ಅದೇ ಗುಣ ಒಂದು ಗೇಣು ಕುಂಡದಲ್ಲಿ ಗಿಡದ ಪ್ರಾಣ ತೆಗೆಯುತ್ತದೆ. ಒದ್ದೆಯಾದಾಗ ಉಬ್ಬಿ ಅಂಟಂಟಾಗಿ ಕೂತುಬಿಡುತ್ತದೆ, ಕೆಳಗಿನ ತೂತು ಮುಚ್ಚಿಹೋಗುತ್ತದೆ. ಒಣಗಿದರೆ ಕುಗ್ಗಿ ಇಟ್ಟಂಗಿಯಾಗುತ್ತದೆ, ಕುಂಡದ ಗೋಡೆಗೂ ಮಣ್ಣಿಗೂ ನಡುವೆ ಬೆರಳು ತೂರುವಷ್ಟು ಸಂದು ಬಿಡುತ್ತದೆ. ಆಗ ಮೇಲೆ ಹೊಯ್ದ ನೀರೆಲ್ಲ ಆ ಸಂದಿನಿಂದ ಸರ್ರನೆ ಇಳಿದು ಕಟ್ಟೆ ಮೇಲೆ ಹರಿಯುತ್ತದೆ. ನಡುವಿನ ಬೇರಿಗೆ ಹನಿಯೂ ಸಿಗುವುದಿಲ್ಲ. ಆದರೆ ಮಾವ ತಂದ ಮಣ್ಣಿಗೆ ಬೇಡ ಅನ್ನುವ ಅಳಿಯ ಈ ಜಿಲ್ಲೆಯಲ್ಲಿ ಇನ್ನೂ ಹುಟ್ಟಿಲ್ಲ. ದಾಸವಾಳಕ್ಕೂ ಕ್ರೋಟನ್ನಿಗೂ ಅದೇ ಮಣ್ಣು ಬಿತ್ತು.

ಸೆಪ್ಟೆಂಬರಿನಲ್ಲಿ ಧಾರವಾಡದ ಕೃಷಿ ಮೇಳ ಬಂತು. ನಮ್ಮ ಕಡೆಯವರಿಗೆ ಅದು ಜಾತ್ರೆಯೇ. ಮೇಳ ನಡೆಸುವ ಅಲ್ಲಿಯ ಕೃಷಿ ಕಾಲೇಜು 1947ರದು, 1986ರಲ್ಲಿ ವಿಶ್ವವಿದ್ಯಾಲಯವಾಯಿತು. ಟ್ರ್ಯಾಕ್ಟರ್ ನೋಡಲು ಹೋದವರು ಗುಲಾಬಿ ಗಿಡ ಹಿಡಿದುಕೊಂಡು ಬರುವುದು ಅಲ್ಲಿಯ ಪದ್ಧತಿ. ನನ್ನ ಹೆಂಡತಿ ಮಾತ್ರ ಇಲ್ಲಿಂದಲೇ ಒಂದು ಹಳದಿ ಎಲೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡು ಹೋದಳು. ಮಳಿಗೆಯಲ್ಲಿ ಕೂತಿದ್ದ ತಜ್ಞರ ಸುತ್ತ ಮೆಣಸಿನಕಾಯಿ ರೋಗ ಕೇಳುವ ರೈತರು ನೆರೆದಿದ್ದರು. ನಡುವೆ ಇವಳ ಮನಿ ಪ್ಲಾಂಟು. ಅವರು ಎಲೆ ತಿರುಗಿಸಿ ನೋಡಿ ಒಂದೇ ಪ್ರಶ್ನೆ ಕೇಳಿದರು.

"ನೀರು ಯಾವಾಗ ಹಾಕ್ತೀರಿ ಅಕ್ಕಾರ?"

"ನಳಾ ಬಂದಾಗ್ರೀ."

ಹಿಂದೆ ನಿಂತಿದ್ದ ರೈತರೊಬ್ಬರು ಕ್ಯಾನಲ್ ನೀರಿನ ಗಿಡ ಅಂದುಕೊಂಡು "ಎಷ್ಟ್ ಎಕರೆ ಐತ್ರಿ?" ಎಂದರು.

ಮಣ್ಣೊಳಗೆ ಬೆರಳು ಎರಡು ಗೆಣ್ಣು ಇಳಿಸಿ ನೋಡಿ, ಒಣಗಿದ್ದರೆ ಮಾತ್ರ ನೀರು ಹಾಕಿ ಎಂದು ತಜ್ಞರು ಹೇಳಿ ಕಳಿಸಿದರು. ಕೆಂಪು ಮಣ್ಣು, ಉಸುಕು, ಕೊಳೆತ ಗೊಬ್ಬರ ಕೂಡಿಸಿ ಕುಂಡ ಬದಲಿಸಿದೆವು. ಕೆಂಪು ಮಣ್ಣಿಗೆ ದೂರ ಹೋಗಬೇಕಿಲ್ಲ, ಕಲಘಟಗಿ ಕಡೆ ಹೊರಳಿದರೆ ಸಿಗುತ್ತದೆ. ಕುಂಡ ಬೋರಲು ಹಾಕಿದಾಗ ಬೇರು ಕಂದು ಬಣ್ಣಕ್ಕೆ ತಿರುಗಿ ಹುಳಿ ವಾಸನೆ ಹೊಡೆಯುತ್ತಿತ್ತು. ಕೊಳೆತದ್ದನ್ನು ಕತ್ತರಿಸಿ, ಗಟ್ಟಿ ಇದ್ದ ಬಳ್ಳಿಯನ್ನು ಗೆಣ್ಣಿನ ಕೆಳಗೆ ತುಂಡು ಮಾಡಿ ನೀರಿನ ಬಾಟಲಿಗೆ ಇಟ್ಟೆವು. ಮನಿ ಪ್ಲಾಂಟಿನ ದೊಡ್ಡ ಗುಣ ಅದು, ಗೆಣ್ಣೊಂದು ಉಳಿದರೆ ಸಾಕು. ಮಾವನ ಎರೆಮಣ್ಣು ಚೀಲಕ್ಕೆ ವಾಪಸ್ಸು ಸೇರಿ ಅಟ್ಟ ಹತ್ತಿತು. ಮಾವ ಬಂದಾಗ ಒಂದು ಹಿಡಿ ಮೇಲೆ ಉದುರಿಸಬೇಕು ಎಂಬುದು ಹೆಂಡತಿಯ ಕರಾರು.

ಎಲೆ ಸುಧಾರಿಸಿತು ಅನ್ನುವಾಗ ದಾಸವಾಳಕ್ಕೆ ಬಿಳಿ ಹತ್ತಿತು. ಮೊಗ್ಗಿನ ತೊಟ್ಟಿನಲ್ಲಿ, ಎಲೆಯ ಹಿಂಬದಿಯ ನರದ ಮೇಲೆ ಸಣ್ಣ ಸಣ್ಣ ಅರಳೆ. ಅವ್ವ ದೃಷ್ಟಿ ಅಂದಳು. ಕಾಕಾ ಸಾಲುಗಟ್ಟಿ ಹತ್ತುತ್ತಿದ್ದ ಇರುವೆಗಳನ್ನು ತೋರಿಸಿ "ಹುಳ ತಿನ್ನಾಕ ಬಂದಾವ, ಬಿಡ್ರಿ" ಎಂದರು. ತಿನ್ನಲು ಬಂದವಲ್ಲ, ಕಾಯಲು ಬಂದವು! ಆ ಬಿಳಿ ಅರಳೆ ಅಂದರೆ ಹಿಟ್ಟು ತಿಗಣೆ ಎಂಬ ಹುಳ, ಗಿಡದ ರಸ ಹೀರಿ ಹಿಂದಿನಿಂದ ಸಿಹಿ ಅಂಟು ಬಿಡುತ್ತದೆ. ಅದರ ಆಸೆಗೆ ಇರುವೆಗಳು ತಿಗಣೆಯನ್ನು ಕಾಯುತ್ತವೆ, ಅದನ್ನು ತಿನ್ನಲು ಬಂದ ಬೇರೆ ಹುಳಗಳನ್ನು ಓಡಿಸುತ್ತವೆ.

ಹಳೆ ಟೂತ್‌ಬ್ರಷ್ಷಿನಿಂದ ತಿಕ್ಕಿ ತೆಗೆದ ಮೇಲೆ ಬೇವಿನ ಎಣ್ಣೆ. ಒಂದು ಲೀಟರ್ ನೀರಿಗೆ 5 ಎಂಎಲ್, ಜೊತೆಗೆ ನಾಲ್ಕು ಹನಿ ಸೋಪಿನ ನೀರು, ಇಲ್ಲದಿದ್ದರೆ ಎಣ್ಣೆ ಕೂಡುವುದಿಲ್ಲ. ಹೊಡೆಯುವುದು ಸಂಜೆ, ಎಲೆಯ ಅಡಿಗೆ. ತುಳಸಿಗೆ ಮಾತ್ರ ಅವ್ವ ಅಡ್ಡ ನಿಂತಳು. ಪೂಜೆಯ ಗಿಡಕ್ಕೆ ಸೋಪೇ? ಅದಕ್ಕೆ ಬರೀ ನೀರಿನ ಸ್ನಾನ.

ಬೇವಿನ ಎಣ್ಣೆಯ ವಾಸನೆ ನೀವು ಮೂಗಿನಿಂದಲೇ ತಿಳಿಯಬೇಕು, ಬರೆದು ಹೇಳುವಂಥದ್ದಲ್ಲ. ಪರದೆ, ಹಾಸಿಗೆ, ಚಹಾದ ಕಪ್ಪು, ಎಲ್ಲಾ ಕಡೆ ಅದೇ. ಆ ಸಂಜೆಯೇ ಧಾರವಾಡದಿಂದ ಹೆಂಡತಿಯ ದೊಡ್ಡಮ್ಮ ಬಂದರು. ಗೇಟು ತೆಗೆದವರು ಅಲ್ಲೇ ನಿಂತರು. ಮೂಗರಳಿಸಿದರು. ಬಾಗಿಲಲ್ಲಿ ಅವ್ವ ಎಲೆಗೆ ಸವರಿದ ಕೈ ಒರೆಸಿಕೊಳ್ಳುತ್ತಾ ನಿಂತಿದ್ದಳು.

"ಯಾರಿಗ್ರೀ ಅಮ್ಮ ಬಂದಾಳ?" ದೊಡ್ಡಮ್ಮ ದನಿ ತಗ್ಗಿಸಿ ಕೇಳಿದರು.

"ದಾಸಾಳಕ್ಕ" ಎಂದಳು ಅವ್ವ.

ಅದ್ಯಾವ ಕೂಸು ಅಂತ ಕೇಳುವಷ್ಟು ಹೊತ್ತೂ ದೊಡ್ಡಮ್ಮ ನಿಲ್ಲಲಿಲ್ಲ. ಕೈಮುಗಿದು, ತಂದಿದ್ದ ಪೇಡೆಯ ಡಬ್ಬಿಯನ್ನು ಕಟ್ಟೆ ಮೇಲೆ ಇಟ್ಟು, ಅದೇ ಆಟೋದಲ್ಲಿ ಹೊರಟರು. ನಾವು ಅವರ ಹಿಂದೆ ಓಡಿ, ಸಮಜಾಯಿಷಿ ಕೊಟ್ಟು, ಸೋತು ವಾಪಸ್ಸು ಬರುವಷ್ಟರಲ್ಲಿ ದಾಸವಾಳದ ಇರುವೆಗಳೆಲ್ಲ ಗಿಡ ಬಿಟ್ಟು ಇಳಿದು ಡಬ್ಬಿಯ ಮುಚ್ಚಳದ ಸಂದು ಹುಡುಕುತ್ತಿದ್ದವು.